ಡಿಬಿಎ (ಡೇಟಾಬೇಸ್ ಅಡ್ಮಿನ್) ಕೆಲಸ: ದಿನಾ ಏನಿರುತ್ತೆ, ಮಳೆಗಾಲದಲ್ಲಿ ಊರಿಂದ ಆಗುತ್ತಾ?

ಕೇಳಿದವರು, ತೀರ್ಥಹಳ್ಳಿ ಕಡೆಯಿಂದ:
ಶಿವಮೊಗ್ಗದಲ್ಲಿ ಎಂಸಿಎ ಮುಗಿಸಿದ್ದೇನೆ. ಬೆಂಗಳೂರಿನ ಕಂಪನಿಯೊಂದರಲ್ಲಿ ಡೇಟಾಬೇಸ್ ಅಡ್ಮಿನ್ ಕೆಲಸ ಸಿಕ್ಕಿದೆ. ಮನೆಯಿಂದಲೇ ಮಾಡಬಹುದಂತೆ, ಆದರೆ ಸರದಿ ಪ್ರಕಾರ ರಾತ್ರಿ ಆನ್‌ಕಾಲ್ (ತೊಂದರೆಯಾಗಿ ಕರೆ ಬಂದರೆ ಎದ್ದು ನೋಡುವುದು) ಇದೆಯಂತೆ. ದಿನಾ ಏನು ಮಾಡಬೇಕಾಗುತ್ತೆ? ಮಳೆಗಾಲದಲ್ಲಿ ಇಲ್ಲಿಂದ ನಿಭಾಯಿಸಬಹುದಾ? ಅಮ್ಮನಿಗೆ ರಾತ್ರಿ ಕೆಲಸದ್ದೇ ಚಿಂತೆ.

ಸಾಗರದಿಂದ:
ಬೆಳಿಗ್ಗೆ ಕೂತ ತಕ್ಷಣ ನೋಡುವುದು ರಾತ್ರಿಯ ಬ್ಯಾಕಪ್ ಆಯ್ತಾ ಅಂತ. ಆಮೇಲೆ ಡಿಸ್ಕ್‌ನಲ್ಲಿ ಎಷ್ಟು ಜಾಗ ಉಳಿದಿದೆ, ರೆಪ್ಲಿಕಾ (ಡೇಟಾಬೇಸಿನ ಜೊತೆಜೊತೆಗೇ ಅಪ್‌ಡೇಟ್ ಆಗುವ ನಕಲು) ಎಷ್ಟು ಹಿಂದೆ ಬಿದ್ದಿದೆ. ನಂತರ ಡೆವಲಪರ್‌ಗಳ ಟಿಕೆಟ್ ಶುರು: ಪರ್ಮಿಷನ್ ಕೊಡಿ, ಟೇಬಲ್ ಬದಲಿಸಿ, ಡೇಟಾಬೇಸ್ ಸ್ಲೋ ಇದೆ. 'ಸ್ಲೋ' ಅಂದಾಗ ಸುಮ್ನೆ ಇಂಡೆಕ್ಸ್ (ಡೇಟಾ ಬೇಗ ಹುಡುಕಲು ಇಡುವ ಸೂಚಿ) ಹಾಕಿಬಿಡಬೇಡಿ. ಎಕ್ಸ್‌ಪ್ಲೇನ್ ಕಮಾಂಡ್ ಕೊಟ್ಟು, ಡೇಟಾಬೇಸ್ ಆ ಕ್ವೆರಿಯನ್ನು ಹೇಗೆ ಓಡಿಸುತ್ತೆ ಅನ್ನುವ ಪ್ಲಾನ್ ಓದಿ. ಇಂಡೆಕ್ಸ್ ಜಾಸ್ತಿಯಾದಷ್ಟೂ ಬರೆಯುವ ಕೆಲಸ ನಿಧಾನವಾಗುತ್ತೆ.

ರಾತ್ರಿ ಫೋನ್ ಬರುವುದು ಹೆಚ್ಚಾಗಿ ಡಿಸ್ಕ್ ತುಂಬಿದಾಗ. ಒರಾಕಲ್ ಡೇಟಾಬೇಸ್‌ನಲ್ಲಿ ಆರ್ಕೈವ್ ಲಾಗ್ (ಆದ ಬದಲಾವಣೆಗಳ ದಾಖಲೆ ಫೈಲ್) ಇಡುವ ಜಾಗ ತುಂಬಿದರೆ ಡೇಟಾಬೇಸ್ ಹಾಗೇ ನಿಂತುಬಿಡುತ್ತೆ. ಲಾಗಿನ್ ಆಗಲು ಹೋದವರಿಗೆ ಒಆರ್‌ಎ-00257 ಎರರ್ ಬರುತ್ತೆ. ಆ ಹೊತ್ತಿಗೆ ಯಾರಾದರೂ 'ಹಳೇ ಫೈಲ್ ಅಳಿಸಿಬಿಡಿ' ಅಂತಾರೆ. ಅಳಿಸಬೇಡಿ. ಆ ಲಾಗ್ ಇರುವ ರಿಕವರಿ ಏರಿಯಾದಲ್ಲಿ ಕೈಯಾರೆ ಅಳಿಸಿದರೂ ಒರಾಕಲ್‌ನ ಲೆಕ್ಕದಲ್ಲಿ ಜಾಗ ತುಂಬಿದ ಹಾಗೇ ಇರುತ್ತೆ, ಜೊತೆಗೆ ರಿಕವರಿಗೆ ಬೇಕಾದ ಲಾಗ್ ಕೂಡ ಹೋಗುತ್ತೆ. ಮೊದಲು ಬ್ಯಾಕಪ್ ತೆಗೆದು, ಒರಾಕಲ್‌ನದೇ ಬ್ಯಾಕಪ್ ಟೂಲ್ ಆರ್‌ಮ್ಯಾನ್‌ನಿಂದಲೇ ಅಳಿಸಬೇಕು. ಪೋಸ್ಟ್‌ಗ್ರೆಸ್ ಅನ್ನುವ ಇನ್ನೊಂದು ಡೇಟಾಬೇಸ್‌ನಲ್ಲೂ ಅಷ್ಟೇ. ರೆಪ್ಲಿಕಾ ಬಿದ್ದುಹೋಗಿ ಅದರ ಸ್ಲಾಟ್ (ರೆಪ್ಲಿಕಾ ಎಲ್ಲಿವರೆಗೆ ಓದಿದೆ ಅನ್ನುವ ಗುರುತು) ಹಾಗೇ ಉಳಿದರೆ ವಾಲ್ ಫೈಲ್‌ಗಳು (ಬದಲಾವಣೆಗಳ ಲಾಗ್) ಬೆಳೆಯುತ್ತಲೇ ಇರುತ್ತವೆ. ಅವನ್ನು ಕೈಯಾರೆ ತೆಗೆದರೆ ಡೇಟಾಬೇಸ್ ಮತ್ತೆ ಏಳದೇ ಹೋಗಬಹುದು.

ಶಿವಮೊಗ್ಗದಿಂದ:
ಮೇಲಿನವರು ಹೇಳಿದ್ದಕ್ಕೆ ಒಂದು ಸೇರಿಸುತ್ತೇನೆ. ಬ್ಯಾಕಪ್ 'ಆಯ್ತು' ಅಂತ ಬಂದರೆ ಸಾಲದು, ಬೇರೆ ಸರ್ವರ್‌ನಲ್ಲಿ ರಿಸ್ಟೋರ್ ಮಾಡಿ ನೋಡಿ. 2017ರ ಜನವರಿ 31ರಂದು ಕೋಡ್ ಇಡುವ ಸೇವೆ ಕೊಡುವ ಗಿಟ್‌ಲ್ಯಾಬ್ ಕಂಪನಿಯಲ್ಲಿ ಮುಖ್ಯ ಡೇಟಾಬೇಸಿನ ಫೋಲ್ಡರ್ ಅಳಿಸಿಹೋಯಿತು. ಬ್ಯಾಕಪ್ ಹುಡುಕಿದರೆ ಸಿಗಲಿಲ್ಲ. ಡೇಟಾಬೇಸ್ ಪೋಸ್ಟ್‌ಗ್ರೆಸ್ 9.6, ಬ್ಯಾಕಪ್ ತೆಗೆಯುವ ಪಿಜಿ-ಡಂಪ್ ಟೂಲ್ ಹಳೇ 9.2, ಹಾಗಾಗಿ ಡಂಪ್ ಫೇಲ್ ಆಗುತ್ತಲೇ ಇತ್ತು. ಫೇಲ್ ಆಯ್ತು ಅಂತ ಹೇಳುವ ಮೇಲ್ ಕೂಡ ಯಾರಿಗೂ ತಲುಪುತ್ತಿರಲಿಲ್ಲ. ಕೊನೆಗೆ ಸುಮಾರು 6 ಗಂಟೆ ಹಳೆಯ ಸ್ನ್ಯಾಪ್‌ಶಾಟ್ (ಆ ಕ್ಷಣದ ಡಿಸ್ಕ್ ನಕಲು) ಒಂದು ಕೈ ಹಿಡಿಯಿತು. ಅವರೇ ಇದನ್ನೆಲ್ಲ ವಿವರವಾಗಿ ಬರೆದು ಪ್ರಕಟಿಸಿದ್ದಾರೆ, ಕೆಲಸಕ್ಕೆ ಸೇರುವ ಮುಂಚೆ ಓದಿ. ರಿಸ್ಟೋರ್‌ಗೆ ಎಷ್ಟು ಹೊತ್ತು ಹಿಡಿಯುತ್ತೆ ಅಂತ ನಿಮ್ಮ ಹತ್ತಿರ ಬರೆದಿಟ್ಟಿರಬೇಕು. ಮ್ಯಾನೇಜರ್ ಮೊದಲು ಕೇಳುವುದೇ ಅದನ್ನ.

ಹೊಸನಗರದಿಂದ:
ಮಳೆ ವಿಷಯ ನಾನು ಹೇಳ್ತೀನಿ ಮಾರಾಯ್ರೇ. ಕರೆಂಟ್ ಹೋದರೆ ಇನ್ವರ್ಟರ್ ಇದೆ. ಮರ ಬಿದ್ದು ಫೈಬರ್ ಕೇಬಲ್ ತುಂಡಾದರೆ ಕಷ್ಟ. ಜುಲೈ ತಿಂಗಳಲ್ಲಿ ಅದು ಎರಡು ದಿನಕ್ಕೂ ಸರಿಯಾಗದೆ ಇರಬಹುದು. ಬೇರೆ ಬೇರೆ ಕಂಪನಿಯ ಎರಡು ಸಿಮ್ ಇಟ್ಟುಕೊಳ್ಳಿ, ಆದರೆ ಟವರ್‌ಗೂ ಕರೆಂಟ್ ಬೇಕಲ್ವಾ, ಅದನ್ನೇ ನಂಬಿ ಕೂರಬೇಡಿ.

ತಾಸುಗಟ್ಟಲೆ ಓಡುವ ಕೆಲಸವನ್ನು ನಿಮ್ಮ ಲ್ಯಾಪ್‌ಟಾಪ್‌ನಿಂದ ನೇರ ಓಡಿಸಲೇಬೇಡಿ. ಸರ್ವರ್ ಕಡೆ ಟಿಮಕ್ಸ್ ಅನ್ನುವ ಟೂಲ್ ಒಳಗೆ ಶುರು ಮಾಡಿ. ಲೈನ್ ಹೋದರೂ ಕೆಲಸ ಅಲ್ಲಿ ನಡೆಯುತ್ತಿರುತ್ತೆ, ಲೈನ್ ಬಂದ ಮೇಲೆ ಮತ್ತೆ ಸೇರಿಕೊಳ್ಳಬಹುದು.

ಸೇರುವ ಮುಂಚೆ ಕಂಪನಿಯನ್ನು ಕೇಳಿ: ಆನ್‌ಕಾಲ್‌ನಲ್ಲಿ ನಾನು ಸಿಗದಿದ್ದರೆ ಎರಡನೆಯವರು ಯಾರು? ರಾತ್ರಿ ಎದ್ದು ಕೆಲಸ ಮಾಡಿದರೆ ಬೆಳಿಗ್ಗೆ ರಜೆ ಇದೆಯಾ? ಎರಡನೆಯವರೇ ಇಲ್ಲ ಅಂದರೆ ಮಳೆಗಾಲದ ಆನ್‌ಕಾಲ್ ಊರಿಂದ ಒಪ್ಪಿಕೊಳ್ಳಬೇಡಿ. ಆ ವಾರ ಶಿವಮೊಗ್ಗದಲ್ಲಿ ನೆಂಟರ ಮನೆಯಲ್ಲೋ ಪಿಜಿಯಲ್ಲೋ ಇರಿ. ಅಮ್ಮನಿಗೂ ಹಾಗೇ ಹೇಳಿ: ಕರೆ ದಿನಾ ಬರಲ್ಲ, ಬಂದ ರಾತ್ರಿ ಮಾತ್ರ ನಿದ್ದೆ ಕೆಡುತ್ತೆ.