ಅಪ್ಪ-ಅಮ್ಮ, ಮಗಳ ಜೊತೆ ಫ್ಲಾರೆನ್ಸ್‌ನ ಉಫಿಜಿ ಗ್ಯಾಲರಿ: ಟಿಕೆಟ್ ಬುಕ್ ಆಗಿದೆ, ಹೋಗಿ ಬಂದಿರೋರು ಹೇಳಿ

ಕೇಳಿದವರು, ಮ್ಯೂನಿಕ್:
ಎಲ್ಲರಿಗೂ ನಮಸ್ಕಾರ. ಅಪ್ಪ ಅಮ್ಮ ಶಿವಮೊಗ್ಗದಿಂದ ಬರ್ತಿದಾರೆ, ಅವರನ್ನ ಕರ್ಕೊಂಡು ಇಟಲಿಗೆ ಹೊರಟಿದೀವಿ. ಫ್ಲಾರೆನ್ಸ್‌ನಲ್ಲಿ ಉಫಿಜಿ ಅನ್ನೋ ಚಿತ್ರಕಲೆ ಮ್ಯೂಸಿಯಂಗೆ ಬೆಳಿಗ್ಗೆ 10:30ರ ಟಿಕೆಟ್ ಆನ್‌ಲೈನ್‌ನಲ್ಲೇ ತಗೊಂಡಾಯ್ತು. ಅಮ್ಮಂಗೆ ಮಂಡಿ ನೋವು, ಮಗಳಿಗೆ 9 ವರ್ಷ, ಅಪ್ಪ ಪ್ರತಿಯೊಂದು ಬೋರ್ಡೂ ಓದಿನೇ ಮುಂದೆ ಹೋಗೋರು. ಬುಕ್ ಮಾಡಿದ್ಮೇಲೂ ಕ್ಯೂ ನಿಲ್ಲಬೇಕಾ, ಎಷ್ಟು ಹೊತ್ತು ಇಟ್ಕೊಬೇಕು, ಯಾವ್ದನ್ನ ಬಿಡಲೇಬಾರ್ದು, ಯಾವ್ದನ್ನ ಬಿಟ್ರೂ ನಡೆಯುತ್ತೆ? ನಿಮ್ಮ ಅನುಭವ ತಿಳಿಸಿದ್ರೆ ತುಂಬಾ ಉಪಕಾರ ಆಗುತ್ತೆ.

ಧಾರವಾಡದವ, ಈಗ ಮಿಲಾನ್:
ನೋಡ್ರಿ ಅಕ್ಕಾರ, ಊರಿಂದ ಯಾರ ಬಂದ್ರೂ ಫ್ಲಾರೆನ್ಸ್ ತೋರ್ಸಾಕ ನಾನ ಹೋಗ್ತೀನಿ, ಅದಕ್ಕ ಬಾಗ್ಲದ ವಿಷಯ ಮೊದ್ಲ ಹೇಳಿಬಿಡ್ತೀನಿ. ಬುಕ್ ಆಗೇದ ಅಂದ್ರ ಟಿಕೆಟ್ ತಗೊಳೋ ಕ್ಯೂ ತಪ್ಪಿತು ಅಷ್ಟ, ಬ್ಯಾಗ್ ಚೆಕ್, ಮೆಟಲ್ ಡಿಟೆಕ್ಟರ್ ಎಲ್ಲಾರಿಗೂ ಇದ್ದದ್ದ. ಕಟ್ಟಡ ಉದ್ದಕ ಎರಡು ಸಾಲು, ನಡುವ ಓಣಿಯಂಗ ಅಂಗಳ, ಅಲ್ಲೆ ಚಿತ್ರ ಬರ್ಯೋರು, ಮಾರೋರು, ಗೈಡ್ ಹಿಂದ ಗುಂಪು, ಭಾಳ ಗದ್ದಲ ಇರ್ತದ, ಬಾಗ್ಲ ಯಾವ್ದು ಅಂತ ತಿಳೀದ ಮಂದಿ ಸುಮ್ನ ಯಾವ್ದರ ಕ್ಯೂದಾಗ ನಿಂತುಬಿಡ್ತಾರ. ಬುಕ್ ಮಾಡಿದವ್ರಿಗೆ ಒಂದನೇ ನಂಬರ್ ಬಾಗ್ಲ. ಬುಕ್ ಮಾಡಲಾರದವ್ರಿಗೆ ಎರಡನೇದು. ಮೂರನೇದು ಎದುರಿನ ಸಾಲಿನ್ಯಾಗ ಅದ, ಅದು ಬುಕಿಂಗ್ ಕಾಗದ ಕೊಟ್ಟು ಟಿಕೆಟ್ ಇಸ್ಕೊಳೋ ಕೌಂಟರ್. ಹಿಂಗಾಗಿ ನಿಮಗ ಬಂದಿರೋ ಮೇಲ್ ಇವತ್ತ ತಗದು ಸರಿಯಾಗಿ ಓದ್ರಿ, ಅದು ಟಿಕೆಟ್ಟೋ ಬರೇ ಬುಕಿಂಗ್ ವೋಚರ್ರೋ ಅಂತ. ವೋಚರ್ ಇದ್ರ ಮೊದ್ಲ ಮೂರನೇ ಬಾಗ್ಲಕ್ಕ ಹೋಗಿ ಟಿಕೆಟ್ ತಗೊಂಡು ಆಮ್ಯಾಲ ಒಂದನೇದಕ್ಕ ಬರಬೇಕು, ಅದಕ್ಕ ಅರ್ಧ ತಾಸು ಮೊದ್ಲ ಹೋಗ್ರಿ. ಟಿಕೆಟ್ ಕೈಯಾಗ ಇದ್ರ ಹದಿನೈದು ನಿಮಿಷ ಸಾಕು, ಭಾಳ ಲಗೂನ ಹೋದ್ರ ಒಳಗ ಬಿಡಂಗಿಲ್ಲ, ನಿಮ್ಮ ಟೈಮ್ ಬರೋ ತನಕ ಬಿಸಲಾಗ ನಿಲ್ಲಬೇಕಾಗ್ತದ.

ಮತ್ತ ಪಾಸ್‌ಪೋರ್ಟ್ ಎಲ್ಲಾರದೂ ಜೋಡಿ ಇಟ್ಕೊಳ್ರಿ. 18ರ ಒಳಗಿನ ಮಕ್ಕಳಿಗೆ ಯಾವ ದೇಶದವ್ರಾದ್ರೂ ಟಿಕೆಟ್ ರೊಕ್ಕ ಇಲ್ಲ, ಆದ್ರ ವಯಸ್ಸು ತೋರ್ಸಾಕ ಬೇಕಾಗ್ತದ. ಮಗಳ ಹೆಸರ್ಲೆ ಬುಕಿಂಗ್ ಮಾಡೀರೋ ಇಲ್ಲೋ ನೋಡ್ರಿ, ಫ್ರೀ ಇದ್ರೂ ಆ ಹೊತ್ತಿನ ಲೆಕ್ಕದಾಗ ಆಕಿನೂ ಬರಬೇಕು. ದೊಡ್ಡ ಬ್ಯಾಗ್, ಬೆನ್ನಿಗೆ ಹಾಕ್ಕೊಳೋ ದೊಡ್ಡ ಚೀಲ, ಛತ್ರಿ ಇವೆಲ್ಲಾ ಕ್ಲೋಕ್‌ರೂಮಿಗೆ ಕೊಡಬೇಕು, ರೊಕ್ಕ ತಗೊಳಂಗಿಲ್ಲ. ನೀರಿನ ಬಾಟ್ಲಿ ಅರ್ಧ ಲೀಟರ್‌ದ್ದು ಇರ್ಲಿ, ದೊಡ್ಡದು ಬ್ಯಾಡ. ಒಮ್ಮೆ ಹೊರಗ ಬಂದ್ರ ಅದ ಟಿಕೆಟ್ ಮ್ಯಾಲ ತಿರುಗಿ ಒಳಗ ಬಿಡಂಗಿಲ್ಲ, ಹಿಂಗಾಗಿ ಹೊಟ್ಟಿ ತುಂಬ ತಿಂದ ಹೋಗ್ರಿ.

ಅವ್ವಾರ ಮಂಡಿ ವಿಷಯ ಭಾಳ ಮುಖ್ಯ. ಚಿತ್ರ ನೋಡೋದು ಸುರು ಆಗೋದು ಮ್ಯಾಲಿನ ಮಹಡಿಯಿಂದ, ಅಲ್ಲಿ ತನಕ ಮೆಟ್ಟಿಲಂದ್ರ ಮೆಟ್ಟಿಲು. ಲಿಫ್ಟ್ ಅದ, ಆದ್ರ ನಾವ ಕೇಳಬೇಕು. ಒಳಗ ಹೋದ ಕೂಡ್ಲೆ ಸಿಬ್ಬಂದಿಗೆ ಮಂಡಿ ತೋರ್ಸಿ ಕೇಳ್ರಿ, ನಾಚ್ಕೋಬ್ಯಾಡ್ರಿ. ವ್ಹೀಲ್‌ಚೇರ್ ಬೇಕಂದ್ರೂ ಅಲ್ಲೇ ಸಿಗ್ತದ.

ಚಿತ್ರಕಲೆ ಮೇಡಂ, ಜಯನಗರ:
ಧಾರವಾಡದ ಸರ್ ಬಾಗಿಲ ತನಕ ಚೆನ್ನಾಗಿ ಹೇಳಿದಾರೆ, ನಾನು ಒಳಗಿಂದು ಹೇಳ್ತೀನಿ. ಸ್ವಲ್ಪ ಉದ್ದ ಆಗುತ್ತೆ, ಈ ಜಾಗ ಅಂದ್ರೆ ನಂಗೆ ಅಷ್ಟು ಪ್ರೀತಿ.

ಮೊದಲ್ನೇ ಮಾತು, ಎಲ್ಲಾ ರೂಮೂ ಮುಗಿಸ್ತೀವಿ ಅಂತ ಹೊರಡಬೇಡಿ. ಎರಡನೇದು, ಅರ್ಧ ಶಕ್ತಿ ಕೆಳಗಿನ ಮಹಡಿಗೆ ಉಳಿಸ್ಕೊಳಿ. ಜನ ಮೇಲಿನ ಮಹಡಿಯಲ್ಲೇ ಎಲ್ಲಾ ಖರ್ಚು ಮಾಡ್ಕೊಂಡು, ಕಾಲು ಸೋತು, ಟಿಶಿಯನ್, ಕಾರವಾಜ್ಜೋ ಅಂಥ ದೊಡ್ಡ ಕಲಾವಿದರ ಚಿತ್ರ ಇರೋ ಕಡೆ ಎಕ್ಸಿಟ್ ಎಲ್ಲಿ ಅಂತ ಹುಡುಕ್ತಾ ಓಡ್ತಿರ್ತಾರೆ, ನೋಡಿದ್ರೆ ಹೊಟ್ಟೆ ಉರಿಯುತ್ತೆ. ನಿಮ್ಮ ಮನೆಯವರ ಲೆಕ್ಕಕ್ಕೆ ಮೂರು ಗಂಟೆ ಇಟ್ಕೊಳಿ, ಅದ್ರಲ್ಲಿ ಮುಕ್ಕಾಲು ಗಂಟೆ ಕೂತ್ಕೊಳಕ್ಕೆ, ಕಾಫಿಗೆ.

ಮೇಲಿನ ಮಹಡಿ ಯು ಆಕಾರದಲ್ಲಿದೆ: ಒಂದು ಉದ್ದ ಕಾರಿಡಾರ್, ನದಿ ಕಡೆ ಒಂದು ಚಿಕ್ಕದು, ವಾಪಸ್ ಬರೋಕೆ ಇನ್ನೊಂದು ಉದ್ದದ್ದು. ಕಾರಿಡಾರ್ ತುಂಬಾ ಹಳೇ ಶಿಲ್ಪಗಳು, ತಲೆ ಎತ್ತಿದ್ರೆ ಚಾವಣಿ ತುಂಬಾ ಚಿತ್ರ. ಶುರುವಿನಲ್ಲೇ ಒಂದು ರೂಮಿದೆ, ಅಲ್ಲಿ ನಿಮ್ಮ ಅಪ್ಪಂಗೆ ಹತ್ತು ನಿಮಿಷ ಬಿಟ್ಟುಕೊಡಿ. ಮೂರು ದೊಡ್ಡ ಚಿತ್ರ, ಮೂರರಲ್ಲೂ ಸಿಂಹಾಸನದ ಮೇಲೆ ಮಗು ಎತ್ಕೊಂಡು ಕೂತಿರೋ ಏಸುವಿನ ತಾಯಿ ಮೇರಿ. ಒಂದು ಚಿಮಾಬೂವೆ ಅನ್ನೋ ಕಲಾವಿದನದು, ಒಂದು ದುಚ್ಚೋದು, ಅದು 1285ರದ್ದು, ಇನ್ನೊಂದು ಜ್ಯೋತ್ತೋದು, ಸುಮಾರು 1310ರದ್ದು. ಮೂರರಲ್ಲೂ ಮೇರಿಯ ಮಂಡಿ ಮಾತ್ರ ನೋಡಿ. ಮೊದಲೆರಡರಲ್ಲಿ ಬಟ್ಟೆಯ ಗೆರೆಗಳು ಎಷ್ಟು ಸೊಗಸಾಗಿದ್ರೂ ದೇಹದ ಭಾರ ಅಷ್ಟು ಕಾಣಲ್ಲ. ಜ್ಯೋತ್ತೋ ಚಿತ್ರಕ್ಕೆ ಬಂದ್ರೆ ಸೀರೆಯೊಳಗಿನ ಮಂಡಿ ಥರ ಮೈ ಬಟ್ಟೆನ ಒಳಗಿಂದ ಎತ್ತಿ ಹಿಡಿದಿದೆ, ಹೆಂಗಸು ನಿಜವಾಗಿ ಕೂತಿದಾಳೆ ಅನ್ಸುತ್ತೆ. ಮುಂದಿನ ನೂರೈವತ್ತು ಇನ್ನೂರು ವರ್ಷದ ಚಿತ್ರಗಳೆಲ್ಲಾ ಆ ಮಂಡಿಯಿಂದ ಹೊರಟಿದ್ದು ಅಂತ ನಾನು ನಂಬಿದೀನಿ, ಆ ರೂಮ್ ನೋಡ್ದೆ ಸೀದಾ ಬೊಟ್ಟಿಚೆಲ್ಲಿ ಬರೆದ ಚಿತ್ರಗಳ ಹತ್ರ ಓಡಿದ್ರೆ ಅರ್ಧ ಕತೆ ಹೋಯ್ತು.

ಆಮೇಲೆ ಪಿಯೆರೊ ದೆಲ್ಲ ಫ್ರಾಂಚೆಸ್ಕಾ ಬರೆದ ಉರ್ಬಿನೋ ಅನ್ನೋ ಊರಿನ ದೊರೆ, ದೊರೆಸಾನಿ. ಚಿಕ್ಕ ಚಿತ್ರಗಳು, ಎದುರುಬದುರು ಮುಖ. ಮಗಳಿಗೆ ದೊರೆಯ ಮೂಗು ನೋಡು ಅನ್ನಿ, ಮೇಲ್ಗಡೆ ಕಚ್ಚು ಬಿದ್ದಿದೆ. ಅವನಿಗೆ ಕಾಳಗದ ಆಟವೊಂದರಲ್ಲಿ ಬಲಗಣ್ಣು ಹೋಗಿತ್ತು, ಅದಕ್ಕೇ ಎಡಗಡೆ ಮುಖ ಮಾತ್ರ ಬರೆದಿರೋದು. ಹಿಂದೆ ಹೋಗಿ ನೋಡೋದು ಮರೀಬೇಡಿ, ಹಲಗೆಯ ಬೆನ್ನಿಗೂ ಚಿತ್ರ ಇದೆ, ಇಬ್ಬರೂ ರಥದಲ್ಲಿ ಕೂತು ಹೊರಟಿರೋದು.

ಬೊಟ್ಟಿಚೆಲ್ಲಿ ರೂಮಲ್ಲಿ ಯಾವಾಗ್ಲೂ ಜನ. ವೀನಸ್ ಅನ್ನೋ ಪ್ರೇಮದೇವತೆ ಹುಟ್ಟಿನ ಚಿತ್ರದ ಮುಂದೆ ಫೋನ್ ಎತ್ತಿ ಹಿಡ್ದು ನಿಂತಿರ್ತಾರೆ, ಪಕ್ಕಕ್ಕೆ ನಿಂತು ಐದು ನಿಮಿಷ ಕಾಯಿರಿ, ಒಂದು ಗೈಡ್ ಗುಂಪು ಹೋಗಿ ಇನ್ನೊಂದು ಬರೋ ಮಧ್ಯೆ ಖಾಲಿ ಆಗುತ್ತೆ, ಆಗ ಹತ್ರ ಹೋಗಿ ಕೂದಲು ನೋಡಿ, ಬಂಗಾರದ ಎಳೆ ಎಳೆದಿದಾನೆ. ಅದು ಬಟ್ಟೆ ಮೇಲೆ ಬರೆದಿದ್ದು. ಪ್ರಿಮವೇರಾ ಅನ್ನೋ ವಸಂತದ ಚಿತ್ರ ಮರದ ಹಲಗೆ ಮೇಲೆ, ಅಗಲ ಮೂರು ಮೀಟರ್‌ಗಿಂತ ಜಾಸ್ತಿ, ನೆಲದ ತುಂಬಾ ಹೂವು, ನೂರಕ್ಕೂ ಹೆಚ್ಚು ಬಗೆ. ನಮ್ಮ ದೊಡ್ಡಮ್ಮ ಅದ್ರ ಮುಂದೆ ನಿಂತವರು ಮಧ್ಯದ ವೀನಸ್‌ನ ನೋಡ್ಲೇ ಇಲ್ಲ, ಬಲಗಡೆ ಹೂವಿನ ದೇವತೆ ಫ್ಲೋರಾ ಉಡಿ ತುಂಬಾ ಗುಲಾಬಿ ಇಟ್ಕೊಂಡು ಚೆಲ್ತಾ ಬರ್ತಿದಾಳಲ್ಲ, ಅವಳನ್ನ ನೋಡಿ "ಮಡ್ಲು ತುಂಬಿಸ್ಕೊಂಡು ಬಂದಿದಾಳೆ ನೋಡೇ" ಅಂದ್ರು. ಅವಳ ಪಕ್ಕದವಳ ಬಾಯಿಂದಾನೂ ಹೂವು ಉದುರ್ತಿದೆ, ಅವಳನ್ನ ಹಿಡಿಯೋಕೆ ಬಂದಿರೋನು ಗಾಳಿ ದೇವರು, ಮೈ ಬಣ್ಣ ನೀಲಿ ಹಸಿರು. ಅಮ್ಮಂಗೆ ಯಾವ ಗೈಡೂ ಬೇಡ, ಅಲ್ಲಿ ನಿಲ್ಲಿಸಿ ಸಾಕು.

ಚಿಕ್ಕ ಕಾರಿಡಾರ್ ಕಿಟಕಿಯಿಂದ ಆರ್ನೋ ನದಿ, ಪೋಂತೆ ವೆಕ್ಯೋ ಸೇತುವೆ ಕಾಣುತ್ತೆ. ಫೋಟೋ ಅಲ್ಲಿ ತೆಗೀರಿ. ಒಳಗೂ ಫೋಟೋಗೆ ಅಡ್ಡಿಯಿಲ್ಲ, ಫ್ಲಾಶ್ ಮತ್ತೆ ಸೆಲ್ಫಿ ಕೋಲು ಇಲ್ಲ ಅಷ್ಟೆ.

ಆ ಕಡೆ ಸಾಲಲ್ಲಿ ಲಿಯೊನಾರ್ಡೊ. ಗೇಬ್ರಿಯಲ್ ದೇವದೂತ ಮೇರಿಗೆ ಏಸು ಹುಟ್ಟೋ ಸುದ್ದಿ ಹೇಳೋ ಚಿತ್ರ, ಅವನು ಇಪ್ಪತ್ತರ ಆಸುಪಾಸಲ್ಲಿ ಬರೆದಿದ್ದು. ಎದುರಿಗೆ ನಿಂತ್ರೆ ಮೇರಿಯ ಬಲಗೈ ಉದ್ದ ಆಯ್ತೇನೋ ಅನ್ಸುತ್ತೆ. ನಾಲ್ಕು ಹೆಜ್ಜೆ ಬಲಕ್ಕೆ ಸರಿದು ಓರೆಯಾಗಿ ನೋಡಿ, ಕೈ ಸರಿಹೋಗುತ್ತೆ, ಬಲಗಡೆಯಿಂದ ನೋಡೋರಿಗಂತಲೇ ಬರೆದಿದ್ದು ಅಂತ ಕೆಲವು ವಿದ್ವಾಂಸರ ಅಭಿಪ್ರಾಯ. ಮಕ್ಕಳಿಗೆ ಇದು ಬಲು ಇಷ್ಟ. ಅಲ್ಲೇ ಅವನು ಮುಗಿಸದೇ ಬಿಟ್ಟ ದೊಡ್ಡ ಚಿತ್ರನೂ ಇದೆ, ಮಗು ಏಸುವನ್ನ ನೋಡೋಕೆ ಜ್ಞಾನಿಗಳು ಬಂದಿರೋದು. 1481ರಲ್ಲಿ ಒಪ್ಕೊಂಡು, ಅದನ್ನ ಹಾಗೇ ಬಿಟ್ಟು ಮಿಲಾನ್‌ಗೆ ಹೊರಟುಹೋದ. ಬರೀ ಕಂದು ಬಣ್ಣ, ಆದ್ರೆ ಅವನ ಕೈ ಹೆಂಗೆ ಓಡ್ತಿತ್ತು ಅಂತ ಅದ್ರಲ್ಲಿ ಕಾಣೋ ಹಾಗೆ ಮುಗಿಸಿದ ಚಿತ್ರಗಳಲ್ಲಿ ಕಾಣಲ್ಲ. ಮುಂದೆ ಮೈಕೆಲೆಂಜೆಲೊನ ದುಂಡನೆ ಚಿತ್ರ, ದೋನಿ ತೋಂದೋ ಅಂತಾರೆ, ಚೌಕಟ್ಟನ್ನೂ ನೋಡಿ, ಐದು ತಲೆಗಳು ಹೊರಗೆ ಇಣುಕ್ತಿವೆ. ಅದೇ ರೂಮಲ್ಲಿ ರಫೆಲ್ಲೊನ ಮೇರಿ, ಎರಡು ಮಕ್ಕಳು, ಒಂದು ಪುಟ್ಟ ಹಕ್ಕಿ. 1547ರಲ್ಲಿ ಅದಿದ್ದ ಮನೆ ಕುಸಿದು ಚಿತ್ರ ಚೂರು ಚೂರಾಗಿತ್ತು. ವರ್ಷಗಟ್ಟಲೆ ರಿಪೇರಿ ಮಾಡಿ 2008ರಲ್ಲಿ ಮತ್ತೆ ಜನರ ಮುಂದೆ ಇಟ್ರು, ಹತ್ರ ಹೋಗಿ ನೋಡಿದ್ರೂ ಒಡೆದಿತ್ತು ಅಂತ ಗೊತ್ತಾಗಲ್ಲ.

ಇಲ್ಲಿ ನಿಲ್ಲಿಸಿ, ಕೆಫೆಗೆ ಹೋಗಿ. ಕಾರಿಡಾರ್ ಕೊನೆಗೆ ತಾರಸಿ ಮೇಲಿದೆ, ಪಲಾತ್ಸೋ ವೆಕ್ಯೋ ಅನ್ನೋ ಹಳೇ ಅರಮನೆಯ ಗೋಪುರ ಕೈಗೆ ಸಿಗೋಷ್ಟು ಹತ್ರ. ರೇಟು ಜಾಸ್ತಿನೇ, ಆದ್ರೂ ಅಮ್ಮನ ಮಂಡಿಗೆ ಆ ಕುರ್ಚಿ ಬೇಕು. ಅಲ್ಲಿ ಕೂತು ಅಪ್ಪಂಗೆ ಈ ಕತೆ ಹೇಳಿ: ಈ ಕಟ್ಟಡ ಫ್ಲಾರೆನ್ಸ್ ಆಳ್ತಿದ್ದ ಮೆದಿಚಿ ಮನೆತನದ ಒಂದನೇ ಕೋಸಿಮೊ ತನ್ನ ಸರ್ಕಾರಿ ಕಚೇರಿಗಳಿಗೆ ಅಂತ ವಸಾರಿ ಅನ್ನೋ ವಾಸ್ತುಶಿಲ್ಪಿ ಕೈಲಿ 1560ರಿಂದ ಕಟ್ಟಿಸಿದ್ದು. ಆ ಮನೆತನದ ಕೊನೆಯವಳು ಆನ್ನಾ ಮರಿಯಾ ಲುಯಿಸಾ, ಅವಳಿಗೆ ಮಕ್ಕಳಿಲ್ಲ, ರಾಜ್ಯ ಬೇರೆ ಮನೆತನಕ್ಕೆ ಹೋಗೋದು ಖಾಯಂ. ಆಗ 1737ರಲ್ಲಿ ಒಪ್ಪಂದ ಬರೆಸಿದ್ಲು, ಮನೆತನ ಕೂಡಿಟ್ಟಿದ್ದ ಈ ಚಿತ್ರ, ಶಿಲ್ಪ, ಒಡವೆ ಯಾವ್ದೂ ಫ್ಲಾರೆನ್ಸ್ ಬಿಟ್ಟು ಹೋಗಕೂಡದು ಅಂತ. 1769ರಲ್ಲಿ ಜನಕ್ಕೆ ಬಾಗಿಲು ತೆರೆದ್ರು. ನಾವಿವತ್ತು ಇಷ್ಟೆಲ್ಲಾ ಒಂದೇ ಸೂರಿನಡಿ ನೋಡ್ತಿರೋದು ಆ ಹೆಣ್ಣುಮಗಳ ದಯೆಯಿಂದ, ಅವಳ ಹೆಸರು ಒಂದ್ಸಲ ನೆನೀದೆ ಅಲ್ಲಿಂದ ಏಳಬಾರ್ದು.

ಆಮೇಲೆ ಕೆಳಗಿನ ಮಹಡಿ. ಟಿಶಿಯನ್‌ನ ಉರ್ಬಿನೋ ವೀನಸ್, 1538ರದ್ದು. ಬೆತ್ತಲೆ ಚಿತ್ರಗಳು ಇಲ್ಲಿ ಸಾಕಷ್ಟು, ಮನೆಯವರಿಗೆ ಮೊದ್ಲೇ ಹೇಳಿಟ್ಟಿರಿ. ಕೊನೆ ಕೊನೆಗೆ ಕಾರವಾಜ್ಜೋನ ಮೆಡೂಸಾ ಅನ್ನೋ ಹಾವುಗೂದಲ ರಾಕ್ಷಸಿ, ಉಬ್ಬಿದ ಗುರಾಣಿ ಮೇಲೆ ಬರೆದಿರೋದು, ಅವನದೇ ಬಾಕಸ್ ಅನ್ನೋ ದ್ರಾಕ್ಷಾರಸದ ದೇವರು. ಮತ್ತೆ ಆರ್ತೆಮಿಸಿಯಾ ಜೆಂತಿಲೆಸ್ಕಿ ಅನ್ನೋ ಕಲಾವಿದೆಯ ಜುಡಿತ್, ಶತ್ರು ಸೇನಾಪತಿಯನ್ನ ಕೊಂದ ಹಳೇ ಧರ್ಮಕತೆಯ ಹೆಂಗಸು. ಅವಳೂ ಅವಳ ಸೇವಕಿಯೂ ಅಂಗಿ ತೋಳು ಮೇಲೆ ಮಡಿಚಿ, ಇಡೀ ಮೈ ಭಾರ ಹಾಕಿ ಆ ಸೇನಾಪತಿಯ ಕತ್ತು ಕೊಯ್ತಿರೋದು, ಹಾಸಿಗೆ ಮೇಲೆ ರಕ್ತ ಇಳೀತಿದೆ. ಬೇರೆ ಕೆಲವರು ಇದೇ ಕತೆ ಬರೆದಾಗ ಜುಡಿತ್ ಹಿಂಜರಿದಂಗೆ ಕಾಣ್ತಾಳೆ, ಇವಳ ಜುಡಿತ್ ಹುಬ್ಬು ಗಂಟಿಕ್ಕಿ ಕೆಲಸ ಮಾಡ್ತಿದಾಳೆ. ನನ್ನ ಪ್ರಕಾರ ಇಡೀ ಉಫಿಜಿಯಲ್ಲಿ ಇದಕ್ಕಿಂತ ಗಟ್ಟಿ ಚಿತ್ರ ಇಲ್ಲ. ಆದ್ರೆ 9 ವರ್ಷದ ಮಗು ಇದೆಯಲ್ಲ, ನೀವು ಮೊದ್ಲು ಹೋಗಿ ನೋಡಿ ಆಮೇಲೆ ತೀರ್ಮಾನ ಮಾಡಿ.

ಬಿಟ್ರೂ ನಡೆಯೋದು ಯಾವ್ದು ಅಂದ್ರೆ, ಮೇಲೆ ಹೇಳದೇ ಇರೋದೆಲ್ಲಾ. ಎಂಟು ಮೂಲೆಯ ತ್ರಿಬೂನಾ ರೂಮನ್ನ ಬಾಗಿಲಲ್ಲಿ ನಿಂತು ಇಣುಕಿದ್ರೆ ಸಾಕು, ಒಳಗೆ ಹೇಗೂ ಬಿಡಲ್ಲ.

ಎರಡು ಮಕ್ಕಳ ಅಮ್ಮ, ಜ್ಯೂರಿಕ್:
ಮಗಳ ಬಗ್ಗೆ ಒಂದು ಮಾತು. ಹೊರಡೋ ಮುಂಚೆ ಮನೇಲೇ ಐದಾರು ಚಿತ್ರ ತೋರಿಸಿ, ಅದ್ರಲ್ಲಿ ಅವಳಿಗೆ ಬೇಕಾದ ಎರಡು ಅವಳೇ ಆರಿಸ್ಲಿ, ಅಲ್ಲಿ ಹೋದ್ಮೇಲೆ ಅದನ್ನ ಹುಡುಕಿ ಕೊಡೋ ಕೆಲಸ ಅವಳದ್ದು. ನಮ್ಮ ಮಕ್ಕಳು ಆ ಉತ್ಸಾಹದಲ್ಲೇ ಎರಡು ಗಂಟೆ ನಡೆದ್ರು. ಶುರುವಿನಲ್ಲೇ ಟಾಯ್ಲೆಟ್‌ಗೆ ಕರ್ಕೊಂಡು ಹೋಗಿ ಬಂದ್ಬಿಡಿ, ಮಧ್ಯದಲ್ಲಿ ತುಂಬಾ ದೂರ ಆಗುತ್ತೆ.

ಬೆಂಗಳೂರಿಂದ ಬುಕ್ ಮಾಡಿದವ:
ಇದನ್ನ ಓದ್ತಿರೋ ಬೇರೆಯವರಿಗೆ. ಇಂಡಿಯಾದಿಂದ ಬುಕ್ ಮಾಡೋದಾದ್ರೆ ಬ್ಯಾಂಕ್ ಆಪ್‌ನಲ್ಲಿ ಕಾರ್ಡ್‌ಗೆ ಇಂಟರ್‌ನ್ಯಾಷನಲ್ ಟ್ರಾನ್ಸಾಕ್ಷನ್ ಆನ್ ಮಾಡ್ಕೊಂಡು ಆಮೇಲೆ ಕೂತ್ಕೊಳಿ, ಎಷ್ಟೋ ಸಲ ಪೇಮೆಂಟ್ ಫೇಲ್ ಆಗೋದು ಅದಕ್ಕೇ. ಉಫಿಜಿ ಹೆಸರಿಟ್ಕೊಂಡು ಮರುಮಾರಾಟ ಮಾಡೋ ಸೈಟ್‌ಗಳು ಸರ್ಚ್‌ನಲ್ಲಿ ಮೊದ್ಲು ಬರ್ತವೆ, ಮ್ಯೂಸಿಯಂನವರದೇ ಸೈಟ್ ಉಫಿಜಿ ಡಾಟ್ ಐಟಿ. ನಾನು ತಗೊಂಡಾಗ ದೊಡ್ಡವರಿಗೆ 25 ಯುರೋ, ಮುಂಗಡ ಬುಕಿಂಗ್‌ಗೆ ಮೇಲೆ 4 ಯುರೋ, ಮರುಮಾರಾಟದವರಲ್ಲಿ ಇದಕ್ಕಿಂತ ಬಹಳ ಜಾಸ್ತಿ ಇತ್ತು. ಸೋಮವಾರ ರಜೆ. ತಿಂಗಳ ಮೊದಲ್ನೇ ಭಾನುವಾರ ಎಲ್ಲರಿಗೂ ಫ್ರೀ, ಅವತ್ತು ಬುಕಿಂಗ್ ಇರಲ್ಲ, ವಯಸ್ಸಾದವರ ಜೊತೆ ಆ ಕ್ಯೂ ಬೇಡ. ಇನ್ನೊಂದು, ರೋಮ್‌ನಿಂದ ಅವತ್ತೇ ಬೆಳಿಗ್ಗೆ ಟ್ರೇನ್‌ನಲ್ಲಿ ಬರೋರು, ಫಾಸ್ಟ್ ಟ್ರೇನ್ ಒಂದೂವರೆ ಗಂಟೆ ಅಂತ ನಂಬ್ಕೊಂಡು 10 ಗಂಟೆ ಸ್ಲಾಟ್ ಹಾಕ್ಬೇಡಿ. ಟ್ರೇನ್ ತಡ ಆಗುತ್ತೆ, ಮುಷ್ಕರನೂ ಆಗ್ತಿರುತ್ತೆ, ಸ್ಟೇಷನ್‌ನಿಂದ ಅಲ್ಲಿಗೆ ಹದಿನೈದು ಇಪ್ಪತ್ತು ನಿಮಿಷದ ನಡಿಗೆ ಬೇರೆ.

ಕೇಳಿದವರು, ಮ್ಯೂನಿಕ್:
ಎಲ್ಲರಿಗೂ ತುಂಬಾ ಧನ್ಯವಾದ. ಮೇಲ್ ತೆಗೆದು ನೋಡಿದೆ, ನಮ್ಮದು ವೋಚರ್, ಮೂರನೇ ಬಾಗಿಲಿಗೇ ಮೊದ್ಲು ಹೋಗ್ತೀವಿ. ಮೇಡಂ, ಅಪ್ಪಂಗೆ ಮೈಕೆಲೆಂಜೆಲೊನ ಡೇವಿಡ್ ಮೂರ್ತಿ ನೋಡೋ ಆಸೆ ತುಂಬಾ ಇದೆ, ಅದು ಉಫಿಜಿಯಲ್ಲಿ ಯಾವ ಕಡೆ ಬರುತ್ತೆ?

ಚಿತ್ರಕಲೆ ಮೇಡಂ, ಜಯನಗರ:
ಅಯ್ಯೋ ಕೇಳಿದ್ದು ಒಳ್ಳೇದಾಯ್ತು ಕಣಮ್ಮಾ. ಡೇವಿಡ್ ಉಫಿಜಿಯಲ್ಲಿಲ್ಲ, ಅಕಾಡೆಮಿಯಾ ಅನ್ನೋ ಬೇರೆ ಮ್ಯೂಸಿಯಂನಲ್ಲಿದಾನೆ, ಅದಕ್ಕೆ ಟಿಕೆಟ್ ಬೇರೆ, ಇವತ್ತೇ ನೋಡಿ ಬುಕ್ ಮಾಡು. ಉಫಿಜಿ ಪಕ್ಕದ ಚೌಕದಲ್ಲಿ ನಿಂತಿರೋದು ಪ್ರತಿಕೃತಿ, ಮೂಲನ 1873ರಲ್ಲೇ ಅಲ್ಲಿಂದ ತೆಗೆದು ಒಳಗೆ ಸಾಗಿಸಿದ್ರು. ಎರಡನ್ನೂ ಒಂದೇ ದಿನಕ್ಕೆ ಹಾಕ್ಬೇಡ, ಅಮ್ಮಂಗೆ ಆಗಲ್ಲ. ಮರುದಿನ ಬೆಳಿಗ್ಗೆ ಇಟ್ಕೋ, ಚಿಕ್ಕದು, ಒಂದೂವರೆ ಗಂಟೆ ಸಾಕು, ಮತ್ತೆ ಅದಕ್ಕೂ ಸೋಮವಾರ ರಜೆ, ದಿನ ನೋಡ್ಕೊಂಡು ಹಾಕು.