ಮೋಟಾರ್ ಸರ್ವೇಯರ್ ಆಗಬೇಕು, ದಾರಿ ತಿಳಿದವರು ಹೇಳಿ

ಎಲ್ಲರಿಗೂ ನಮಸ್ಕಾರ. ನಾನು ಆಟೊಮೊಬೈಲ್ ಡಿಪ್ಲೊಮಾ ಮುಗಿಸಿ ಹುಬ್ಬಳ್ಳಿಯ ಒಂದು ವರ್ಕ್‌ಶಾಪ್‌ನಲ್ಲಿ ವಿಮೆ ಕ್ಲೇಮ್‌ಗೆ ಬಂದ ಗಾಡಿಗಳ ರಿಪೇರಿ ಎಸ್ಟಿಮೇಟ್ ಮಾಡುತ್ತಿದ್ದೇನೆ. ಪ್ಲಾಸ್ಟಿಕ್ ಬಂಪರ್‌ಗೆ ಶೇ. 50 ಸವಕಳಿ (ಬಳಸಿ ಹಳೆಯದಾಗಿದ್ದಕ್ಕೆ ಕ್ಲೇಮ್ ಹಣದಲ್ಲಿ ಕಡಿತ), ಗಾಜಿಗೆ ಇಲ್ಲ, ಇದೆಲ್ಲ ಬಾಯಿಪಾಠ. ಸರ್ವೇಯರ್, ಅಂದರೆ ವಿಮಾ ಕ್ಲೇಮ್‌ಗಾಗಿ ಗಾಡಿಯ ನಷ್ಟ ಅಂದಾಜು ಮಾಡುವವರು, ಬಂದು ಡೆಂಟ್ ಯಾವ ಕಡೆಯಿಂದ ಒಳಗೆ ಹೋಗಿದೆ ಅಂತ ಬೆರಳಾಡಿಸಿ, ಅದು ಕ್ಲೇಮ್ ಫಾರ್ಮ್‌ನಲ್ಲಿ ಬರೆದ ಕಥೆಗೆ ತಾಳೆಯಾಗುತ್ತಾ ಅಂತ ನೋಡುವ ರೀತಿ ನನಗೆ ತುಂಬಾ ಇಷ್ಟ. ಆ ಕೆಲಸವನ್ನೇ ಮಾಡಬೇಕು ಅಂತ ಮನಸ್ಸು ಗಟ್ಟಿ ಮಾಡಿದ್ದೇನೆ.

ಐಆರ್‌ಡಿಎಐ (ವಿಮಾ ನಿಯಂತ್ರಣ ಪ್ರಾಧಿಕಾರ) ಕೊಡುವ ಸರ್ವೇಯರ್ ಲೈಸೆನ್ಸ್‌ಗೆ ಮೊದಲು ಸರ್ವೇಯರ್‌ಗಳ ಸಂಸ್ಥೆಯಾದ ಐಐಐಎಸ್‌ಎಲ್‌ಎ ವಿದ್ಯಾರ್ಥಿ ಸದಸ್ಯತ್ವ, ಲೈಸೆನ್ಸ್ ಇರುವ ಸರ್ವೇಯರ್ ಕೈಕೆಳಗೆ 12 ತಿಂಗಳ ತರಬೇತಿ, ಜೊತೆಗೆ ಇನ್ಶೂರೆನ್ಸ್ ಇನ್‌ಸ್ಟಿಟ್ಯೂಟ್ ಆಫ್ ಇಂಡಿಯಾದ ಪರೀಕ್ಷೆ ಬೇಕು. ಇಷ್ಟು ಗೊತ್ತು. ಪರೀಕ್ಷೆಗೆ ಓದ್ತಾ ಇದ್ದೇನೆ, ಅದರ ಭಯ ಇಲ್ಲ.

ಸಿಕ್ಕಿಕೊಂಡಿರೋದು ತರಬೇತಿಯಲ್ಲಿ. ನಮ್ಮಲ್ಲಿಗೆ ಬರುವ ಸರ್ವೇಯರ್‌ಗಳನ್ನು ಕೇಳಿದೆ. ಒಬ್ಬರು, "ವರ್ಕ್‌ಶಾಪ್ ಸಂಬಳ ತಗೊಳ್ಳೋನನ್ನ ಸೇರಿಸ್ಕೊಂಡ್ರೆ ನಾಳೆ ನನ್ನ ರಿಪೋರ್ಟ್ ಯಾರು ನಂಬ್ತಾರೆ?" ಅಂದರು. ಅವರ ಮಾತು ನ್ಯಾಯವೇ. ಇನ್ನೊಬ್ಬರು ಕೆಲಸ ಬಿಟ್ಟು ಬಾ, ಆದರೆ ಸ್ಟೈಪೆಂಡ್ ಇಲ್ಲ ಅಂದರು. ಮನೆ ನನ್ನ ಸಂಬಳದ ಮೇಲೇ ನಿಂತಿದೆ. ಅಷ್ಟರಲ್ಲಿ ಒಂದು ವಿಮಾ ಕಂಪನಿಯ ಕ್ಲೇಮ್ ವಿಭಾಗದಲ್ಲಿ ಕೆಲಸ ಸಿಗುವ ಹಾಗಿದೆ.

ಈ ಹಾದಿಯಲ್ಲಿ ಬಂದವರು ದಯವಿಟ್ಟು ತಿಳಿಸಿ: ಕಂಪನಿಯ ಆ ಕೆಲಸದಲ್ಲಿ ಇದ್ದುಕೊಂಡೇ 12 ತಿಂಗಳ ತರಬೇತಿ ದಾಖಲಿಸಲು ಆಗುತ್ತಾ, ಅಥವಾ ಪೂರ್ತಿ ಕೆಲಸ ಬಿಟ್ಟೇ ಸರ್ವೇಯರ್ ಹತ್ತಿರ ಸೇರಬೇಕಾ?