ಎಂಜಲೆಲೆ ತೊಳೀಬೇಡ್ರಪ್ಪ

ಹಾಸನದ ಬಿ.ಎಂ. ರಸ್ತೆಯ ಕಲ್ಯಾಣಮಂಟಪ. ಮಧ್ಯಾಹ್ನ ಒಂದೂಕಾಲು. ಮೊದಲ ಪಂಕ್ತಿ ಇನ್ನೂ ಅನ್ನ-ಸಾರಿನಲ್ಲೇ ಇದೆ. ಉಣ್ಣುವವರ ಚೇರಿನ ಬೆನ್ನು ಹಿಡಿದು ಎರಡನೇ ಪಂಕ್ತಿಯವರು ಕಾವಲು ನಿಂತಿದ್ದಾರೆ. ಆ ಕಾವಲಿನಲ್ಲಿ ನಾಗೇಶ, ಮಮತಾ, ಶಿವು ಕೂಡ ಇದ್ದಾರೆ. ಮೂವರೂ ಸಾಫ್ಟ್‌ವೇರ್ ಮಂದಿ. ಹೊಟ್ಟೆ ಹಸಿದಷ್ಟೂ ಮಾತು ಜಾಸ್ತಿ. ಬರೆದ ಪ್ರೋಗ್ರಾಮನ್ನು ಪರೀಕ್ಷಿಸಲು ವರ್ಚುವಲ್ ಮಷೀನುಗಳನ್ನು, ಅಂದರೆ ಒಂದು ಸರ್ವರಿನೊಳಗೆ ಸಾಫ್ಟ್‌ವೇರಿನಲ್ಲೇ ಹುಟ್ಟಿಸುವ ಕಂಪ್ಯೂಟರುಗಳನ್ನು, ಮೊದಲೇ ಎಬ್ಬಿಸಿಡಬೇಕಾ ಅನ್ನುವುದು ಇವತ್ತಿನ ವಾದ.

"ಟೆಸ್ಟಿಗೆ ವರ್ಚುವಲ್ ಮಷೀನ್ ಬೇಕಾದಾಗ ಮಾಡ್ಕೊಂಡ್ರಾಯ್ತಪ್ಪ," ಶಿವು ಶುರು ಹಚ್ಚಿಕೊಂಡ. "ಮೊದಲೇ ಇಪ್ಪತ್ತು ಎಬ್ಬಿಸಿ ಸಾಲಾಗಿ ನಿಲ್ಲಿಸೋದು ಯಾಕೆ? ದಂಡ."

"ಜನ ಕೂತ್ಮೇಲೆ ತೋಟಕ್ಕೆ ಹೋಗಿ ಬಾಳೆಲೆ ಕೊಯ್ಕೊಂಡು ಬರ್ತೀಯಾ?" ಅಂದಳು ಮಮತಾ. "ಮೂಲದಿಂದ ನಕಲು, ಅಂದ್ರೆ ಕ್ಲೋನ್ ಆಗ್ಬೇಕು, ಬೂಟ್ ಆಗ್ಬೇಕು, ಮೊದಲ ಸೆಟ್ಟಿಂಗ್ ಹಾಕೋ ಕ್ಲೌಡ್-ಇನಿಟ್ ಮುಗೀಬೇಕು, ಟೆಸ್ಟ್ ಓಡಿಸೋ ಏಜೆಂಟ್ ಏಳ್ಬೇಕು. 6 ನಿಮಿಷ ಅಂತಿಟ್ಕೋ. ಟೆಸ್ಟ್ ಓಡೋದು 4 ನಿಮಿಷ. ಊಟಕ್ಕಿಂತ ಎಲೆ ಕಾಯೋದೇ ಜಾಸ್ತಿ ಆಯ್ತಲ್ಲ."

"ಸರಿ, ಹಾಗಾದ್ರೆ ಎಷ್ಟು ಎಲೆ ಹಾಕಿಡ್ಬೇಕು?"

ನಾಗೇಶ ಬೆರಳು ಮಡಚಿದ. "ಗಂಟೆಗೆ 60 ಟೆಸ್ಟು ಅಂದ್ರೆ ನಿಮಿಷಕ್ಕೊಂದು. ಒಂದು ಮಷೀನ್ ತಯಾರಾಗೋಕೆ 6 ನಿಮಿಷ. ಗುಣಿಸು, 6 ಬಂತು."

"6 ಸಾಕಾ? ಇಷ್ಟೇನಾ?"

"ಸಾಲಲ್ಲ ಕಣೋ. ಜನ ನಿಮಿಷಕ್ಕೊಬ್ಬರಂಗೆ ಬರ್ತಾರಾ? ಅರಕಲಗೂಡಿಂದ ಗಂಡಿನ ಕಡೆ ಬಸ್ಸು ಬಂದ್ರೆ 50 ಜನ ಒಂದೇ ಸಲ ಇಳೀತಾರೆ. ಇಲ್ಲೂ ಅಷ್ಟೇ. ಒಂದು ಕಮಿಟ್, ಅಂದ್ರೆ ಕೋಡಿನಲ್ಲಿ ಒಂದು ಬದಲಾವಣೆ ಬಿದ್ರೆ 5 ಆಪರೇಟಿಂಗ್ ಸಿಸ್ಟಮ್, ಒಂದೊಂದಕ್ಕೆ 4 ಜಾಬ್, 20 ಮಷೀನ್ ಒಟ್ಟಿಗೆ ಬೇಕು. ಅದಕ್ಕೆ ಈ 6 ಸೇರ್ಸು. ತಯಾರಿರೋದು, ತಯಾರಾಗ್ತಿರೋದು ಸೇರಿ 26. ಎರಡು ಬಸ್ಸು ಒಟ್ಟಿಗೆ ಬಂದ್ರೆ ಎರಡನೇದು ಕಾಯ್ಲಿ."

"26 ಮಷೀನಿಗೆ ತಲಾ 4 ಜಿಬಿ, ಸುಮ್ನೆ ಕೂರೋಕೇ 104 ಜಿಬಿ ಮೆಮೊರಿ," ಮಮತಾ ಲೆಕ್ಕ ಮುಂದುವರಿಸಿದಳು. "ಓಡ್ತಿರೋ 20 ಬೇರೆ. 256 ಜಿಬಿ ಸರ್ವರ್ ಬೇಕೇ ಬೇಕು. ಸಿಪಿಯು ಆದ್ರೆ ಹಂಚ್ಕೊಂಡು ತಿನ್ಬಹುದು, ಮೆಮೊರಿ ಹಾಗಲ್ಲ. ರಾತ್ರಿ ಹನ್ನೊಂದಕ್ಕೆ 26ನ್ನ 4ಕ್ಕೆ ಇಳ್ಸಿಬಿಡ್ಬೇಕು. ಮಂಟಪ ಖಾಲಿ ಆದ್ಮೇಲೂ ಎಲೆ ಹಾಕ್ತಾ ಕೂರ್ತಾರಾ?"

ಆ ಹೊತ್ತಿಗೆ ಕೋಸಂಬರಿ ಬಕೆಟ್ ಹಿಡಿದು ಹಾದುಹೋಗುತ್ತಿದ್ದ ಅಡುಗೆ ಭಟ್ಟರು ನಿಂತರು. ಎಲೆಯ ಮಾತು ಕಿವಿಗೆ ಬಿದ್ದಿತ್ತು. "ಎಲೆ ಜಾಸ್ತಿ ಹೊತ್ತು ಮುಂಚೆ ಹಾಕ್ಬಾರ್ದು ಸ್ವಾಮಿ. ಕೋಸಂಬರಿ ನೀರು ಬಿಡುತ್ತೆ, ಪಲ್ಯ ಒಣಗುತ್ತೆ. ಅರ್ಧ ಗಂಟೆ ಮೀರಿದ್ರೆ ತೆಗೆದು ಹೊಸದು ಹಾಕೋದೇ ವಾಸಿ." ಹೇಳಿ ಹೊರಟೇಬಿಟ್ಟರು.

"ಕೇಳಿದ್ಯಾ? ರೆಡಿ ಮಷೀನಿಗೂ ಆಯಸ್ಸು ಕಟ್ಬೇಕು," ನಾಗೇಶನಿಗೆ ಖುಷಿಯೋ ಖುಷಿ. "ಹೀಗೆ ಮಷೀನ್ ತಯಾರಿಟ್ಟು ಹಂಚೋ ಸಾಫ್ಟ್‌ವೇರು, ಪಪೆಟ್ ಕಂಪನಿಯವರ ವಿಎಂಪೂಲರ್ ಇದೆಯಲ್ಲ, ಅದ್ರಲ್ಲಿ ಇದಕ್ಕೇ ಒಂದು ಸೆಟ್ಟಿಂಗ್ ಇದೆ, ರೆಡಿ-ಟಿಟಿಎಲ್ ಅಂತ. ರೆಡಿಸ್ ಅನ್ನೋ ಡೇಟಾಬೇಸಲ್ಲಿ ಪೆಂಡಿಂಗ್, ರೆಡಿ, ರನ್ನಿಂಗ್, ಕಂಪ್ಲೀಟೆಡ್ ಅಂತ ಸಾಲು ಮಾಡಿಡುತ್ತೆ. ಯಾರೂ ಕೇಳ್ದೆ ರೆಡಿಯಲ್ಲೇ ಹಳಸಿದ್ದನ್ನ ಎತ್ತಿ ಬಿಸಾಕುತ್ತೆ."

"ಬಿಸಾಕೋದ್ಯಾಕೆ? ಟೆಸ್ಟ್ ಮುಗಿದ್ಮೇಲೆ ಟೆಂಪ್ ಫೋಲ್ಡರ್ ಅಳಿಸಿ, ಡೇಟಾಬೇಸ್ ಕಿತ್ತು, ಅದನ್ನೇ ಮುಂದಿನವರಿಗೆ ಕೊಟ್ರೆ?"

ಮಮತಾ ಮುಖ ಸಿಂಡರಿಸಿದಳು. "ಎಂಜಲೆಲೆ ತೊಳೆದು ಇನ್ನೊಬ್ಬರಿಗೆ ಹಾಕೋ ಮನೆತನನಾ ನಿಮ್ದು? ಹಿಂದಿನ ಟೆಸ್ಟ್ ಬಿಟ್ಟು ಹೋದ ಒಂದು ಪ್ರೊಸೆಸ್ 8080 ಪೋರ್ಟ್ ಅನ್ನೋ ನೆಟ್‌ವರ್ಕ್ ಬಾಗಿಲು ಹಿಡ್ಕೊಂಡು ಕೂತಿರುತ್ತೆ. ಮುಂದಿನ ಟೆಸ್ಟ್ ಬೀಳುತ್ತೆ. ತಪ್ಪು ಯಾರ್ದು ಅಂತ ಮೂರು ದಿನ ಹುಡುಕ್ಬೇಕು. ಒಬ್ಬರಿಗೆ ಒಂದೆಲೆ, ಉಂಡ್ಮೇಲೆ ತಿಪ್ಪೆಗೆ."

"ಎಲೆ ಅಗ್ಗ, 40 ಜಿಬಿ ಡಿಸ್ಕ್ ಅಗ್ಗಾನಾ?"

"ಅಗ್ಗಾನೇ. ಒಂದೊಂದು ಆಪರೇಟಿಂಗ್ ಸಿಸ್ಟಮ್ಮಿಗೆ ಮೂಲ ಇಮೇಜ್, ಅಂದ್ರೆ ಅಚ್ಚಿನ ಡಿಸ್ಕ್ ಫೈಲ್, ಒಂದೇ, 40 ಜಿಬಿ. ಅದರ ಮೇಲೆ ಮಷೀನಿಗೊಂದು ಕ್ಯೂಕೌ2 ಪದರ, ಅಂದ್ರೆ ಬದಲಾದದ್ದನ್ನ ಮಾತ್ರ ಬರೆದಿಡೋ ಫೈಲ್, ಹಾಕ್ತೀವಿ. ಹುಟ್ಟಿದಾಗ ಅದು ಸುಮಾರು 200 ಕೆಬಿ ಅಷ್ಟೇ. ಟೆಸ್ಟ್ ಬರೆದಷ್ಟು ಮಾತ್ರ ಬೆಳೆಯುತ್ತೆ. ಬಿಸಾಕೋಕೆ ಒಂದು ಫೈಲ್ ಅಳಿಸಿದ್ರಾಯ್ತು. ಒಂದೇ ಒಂದು ಮಡಿ: ಪದರ ಇರೋವರೆಗೂ ಮೂಲದ ಫೈಲನ್ನ ಯಾರೂ ಮುಟ್ಟಬಾರ್ದು. 'ಒಂದ್ಸಲ ಬೂಟ್ ಮಾಡಿ ಒಂದು ಪ್ಯಾಚ್ ಹಾಕ್ತೀನಿ' ಅಂತ ಯಾರಾದ್ರೂ ಮೂಲನೇ ಎಬ್ಬಿಸಿದ್ರೆ, ಮೇಲಿರೋ ಅಷ್ಟೂ ಪದರ ಕೆಟ್ಟವು ಅಂತಾನೇ ಲೆಕ್ಕ. ಫೈಲಿಗೆ ಓದೋ ಅನುಮತಿ ಮಾತ್ರ ಕೊಡು, ಹೆಸರಲ್ಲಿ ತಾರೀಕು ಹಾಕು, ಹೊಸದಕ್ಕೆ ಹೊಸ ಫೈಲ್ ಮಾಡು. ಹಳೇದನ್ನ ಅದರ ಕೊನೇ ಪದರ ಹೋಗೋವರೆಗೂ ಅಳಿಸ್ಬೇಡ."

"ಡಿಸ್ಕ್ ತುಂಬಿದ್ರೆ?"

"ಅದು ಇನ್ನೊಂದು ತಮಾಷೆ," ನಾಗೇಶ ಬಾಯಿ ಹಾಕಿದ. "ಪದರಗಳೆಲ್ಲ ಒಟ್ಟಿಗೆ ಉಬ್ಬಿ ಹೋಸ್ಟ್, ಅಂದ್ರೆ ಅಸಲಿ ಸರ್ವರಿನ ಡಿಸ್ಕ್ ತುಂಬಿದ್ರೆ, ಮಷೀನ್ ಓಡಿಸೋ ಕೆಮು ಏನ್ ಮಾಡುತ್ತೆ ಗೊತ್ತಾ? ಎರರ್ ಕೊಡಲ್ಲ, ಮಷೀನನ್ನೇ ತಟಸ್ಥ ಮಾಡಿ ಕೂರಿಸುತ್ತೆ. ಟೆಸ್ಟ್ ಪಾಸೂ ಇಲ್ಲ, ಫೇಲೂ ಇಲ್ಲ, ಬರೀ ಮೌನ. ನೆಟ್‌ವರ್ಕ್ ತೊಂದರೆ ಅಂತ ಜನ ಸ್ವಿಚ್ಚು, ಕೇಬಲ್ಲು ಹುಡುಕ್ತಿರ್ತಾರೆ. ವಿರ್ಶ್ ಅನ್ನೋ ಕಮಾಂಡಲ್ಲಿ ಮಷೀನುಗಳ ಪಟ್ಟಿ ತೆಗೆದ್ರೆ ಎಲ್ಲಾ 'ಪಾಸ್ಡ್' ಅಂತ ಮಲಗಿರುತ್ವೆ. ಪರೀಕ್ಷೆ ಪಾಸಾದ ಪಾಸ್ಡ್ ಅಲ್ಲ, ನಿಂತುಹೋದ ಪಾಸ್ಡ್."

ಶಿವು ನಗಲಿಲ್ಲ. ಅವನ ಕಣ್ಣು ಪಾಯಸದ ಬಕೆಟ್ಟಿನ ಮೇಲಿತ್ತು. "ಒಂದೇ ಮೂಲದಿಂದ ಬಂದ್ರೆ ಎಲ್ಲಾ ಅವಳಿ-ಜವಳಿ ಆಗಲ್ವಾ?"

"ಇದು ನೋಡು ಪ್ರಶ್ನೆ ಅಂದ್ರೆ," ಮಮತಾ ಸೆರಗು ಸರಿಮಾಡಿಕೊಂಡು ನಿಂತಳು. "ಉಬುಂಟು ಲಿನಕ್ಸಲ್ಲಿ ಈಟಿಸಿ ಫೋಲ್ಡರ್ ಒಳಗೆ ಮಷೀನ್-ಐಡಿ ಅಂತ ಒಂದು ಫೈಲ್ ಇದೆ. ಮೂಲದಲ್ಲಿ ಅದನ್ನ ಖಾಲಿ ಮಾಡ್ದೆ ಬಿಟ್ರೆ ಅದರಿಂದ ಹುಟ್ಟಿದ ಅಷ್ಟಕ್ಕೂ ಒಂದೇ ಐಡಿ. ಉಬುಂಟುವಿನ ಸಿಸ್ಟಮ್‌ಡಿ, ವಿಳಾಸ ಹಂಚೋ ಡಿಎಚ್‌ಸಿಪಿ ಸರ್ವರನ್ನ ಐಪಿ ಕೇಳೋವಾಗ ಗುರುತು ಹೇಳೋದೇ ಆ ಐಡಿಯಿಂದ. ನೆಟ್‌ವರ್ಕ್ ಕಾರ್ಡಿನ ಮ್ಯಾಕ್ ಅಡ್ರೆಸ್ ಬೇರೆ ಇದ್ರೂ ಸರ್ವರ್ 'ಓ, ನೀನೇ ಅಲ್ವಾ' ಅಂತ ಎಲ್ಲರಿಗೂ ಒಂದೇ ಐಪಿ ಕೊಡುತ್ತೆ. ಫೈಲ್ ಅಳಿಸ್ಬೇಡ, ಸೊನ್ನೆ ಬೈಟಿಗೆ ಇಳಿಸು. ಬೂಟ್ ಆದಾಗ ಹೊಸ ಐಡಿ ತಾನೇ ಬರ್ಕೊಳ್ಳುತ್ತೆ. ದೂರದಿಂದ ಲಾಗಿನ್ ಆಗೋವಾಗ ಮಷೀನಿನ ಗುರುತು ಹೇಳೋ ಎಸ್‌ಎಸ್‌ಎಚ್ ಹೋಸ್ಟ್ ಕೀಗಳನ್ನೂ ತೆಗಿ. ವಿರ್ಟ್-ಸಿಸ್‌ಪ್ರೆಪ್ ಅನ್ನೋ ಟೂಲ್ ಎರಡನ್ನೂ ಮಾಡುತ್ತೆ. ಆಮೇಲೆ ತಾನೇ ಅಪ್‌ಡೇಟ್ ಹಾಕೋ ಎಪಿಟಿ-ಡೈಲಿ, ಎಪಿಟಿ-ಡೈಲಿ-ಅಪ್‌ಗ್ರೇಡ್ ಟೈಮರ್ ಎರಡನ್ನೂ ಮುಚ್ಚು. ಇಲ್ದಿದ್ರೆ ಬೂಟ್ ಆದ ಕೂಡ್ಲೇ ಅದು ಅಪ್‌ಡೇಟಿಗೆ ಕೂತ್ಕೊಂಡು ಸಾಫ್ಟ್‌ವೇರ್ ಹಾಕೋ ಡಿಪಿಕೆಜಿಯ ಬೀಗ ಹಿಡ್ಕೊಳ್ಳುತ್ತೆ, ಟೆಸ್ಟಿನ ಇನ್‌ಸ್ಟಾಲ್ ಬಾಗಿಲಲ್ಲೇ ನಿಲ್ಲುತ್ತೆ."

"ಐಪಿ ಬೇರೆ ಬೇರೆ ಬಂದ್ರೂ ತೊಂದ್ರೆ ಇದೆ," ಎಂದ ನಾಗೇಶ. "ಮಷೀನ್ ನಿಭಾಯಿಸೋ ಲಿಬ್‌ವಿರ್ಟ್‌ನ ಡಿಫಾಲ್ಟ್ ನೆಟ್‌ವರ್ಕಲ್ಲಿ ಹಂಚೋಕಿರೋದು 192.168.122.2ರಿಂದ 254, ಒಟ್ಟು 253 ವಿಳಾಸ. ಹಂಚೋ ಡಿಎನ್‌ಎಸ್‌ಮಾಸ್ಕ್‌ಗೆ ಅವಧಿ ಹೇಳ್ದಿದ್ರೆ 1 ಗಂಟೆ ಹಿಡಿದಿಡುತ್ತೆ. ಒಂದೇ ಸಲ 50 ಮಷೀನ್ ಇರೋ ಕಡೆ, ಒಂದೊಂದಕ್ಕೆ 10 ನಿಮಿಷ ಆಯಸ್ಸು ಅಂದ್ರೆ ಗಂಟೆಗೆ 300 ಹೊಸ ಮುಖ. ಎಳೆದು ಕೊಂದ ಮಷೀನು ವಿಳಾಸ ವಾಪಸ್ ಕೊಟ್ಟು ಸಾಯಲ್ಲ. ಐವತ್ತು ನಿಮಿಷಕ್ಕೆ ವಿಳಾಸ ಖಾಲಿ. ಅವಧಿ 15 ನಿಮಿಷಕ್ಕಿಳಿಸು, ಇಲ್ಲಾ 50 ಮ್ಯಾಕ್‌ಗೆ 50 ವಿಳಾಸ ಗೊತ್ತುಮಾಡಿ ಅವನ್ನೇ ತಿರುಗಿಸು."

"ಬೂಟೇ ಬೇಡಪ್ಪ," ಅಂದ ಶಿವು. " ಎದ್ದಿರೋ ಮಷೀನನ್ನ ಮೆಮೊರಿ ಸಮೇತ ಸ್ನ್ಯಾಪ್‌ಶಾಟ್ ತೆಗೆದು, ಬೇಕಾದಾಗ ಎಬ್ಬಿಸಿದ್ರೆ ಹತ್ತು ಸೆಕೆಂಡಲ್ಲಿ ಕೆಲ್ಸ ಆಗುತ್ತೆ."

"ಆಗುತ್ತೆ," ಅಂದ ನಾಗೇಶ. "ಆದ್ರೆ ಸೋಮವಾರ ಮಲಗಿದ್ದು ಗುರುವಾರ ಎದ್ದು ಇವತ್ತು ಸೋಮವಾರ ಅನ್ನುತ್ತೆ. ನಿನ್ನೆ ಮಾಡಿಸಿದ ಸರ್ಟಿಫಿಕೇಟು 'ಇನ್ನೂ ಜಾರಿಗೇ ಬಂದಿಲ್ಲ' ಅಂತ ಸುರಕ್ಷಿತ ಸಂಪರ್ಕ ಕಟ್ಟೋ ಟಿಎಲ್‌ಎಸ್ ತಿರಸ್ಕರಿಸುತ್ತೆ. ಗಡಿಯಾರ ಸರಿಮಾಡೋ ಕ್ರೋನಿ ಇದೆಯಲ್ಲ ಅಂತೀಯಾ? ಸಾಮಾನ್ಯವಾಗಿ ಅದರ ಕಾನ್ಫಿಗ್‌ನಲ್ಲಿ 'ಮೇಕ್‌ಸ್ಟೆಪ್ 1 3' ಇರುತ್ತೆ. ಅಂದ್ರೆ ಶುರುವಿನ ಮೂರು ಸಲ ಮಾತ್ರ ಗಡಿಯಾರ ಹಾರಿಸಿ ತಿದ್ದುತ್ತೆ, ಆಮೇಲೆ ಆಮೆ ನಡಿಗೆ. ಆ ಮೂರು ಸಲ ಸ್ನ್ಯಾಪ್‌ಶಾಟ್ ತೆಗೆಯೋ ಮುಂಚೇನೇ ಮುಗಿದಿರುತ್ತೆ. ಎಬ್ಬಿಸಿ, ಕ್ರೋನಿ ಹೊಸದಾಗಿ ಸಮಯ ಅಳೆದ ಕೂಡ್ಲೇ ಕ್ರೋನಿಸಿ ಮೇಕ್‌ಸ್ಟೆಪ್ ಅನ್ನೋ ಕಮಾಂಡ್ ಕೊಡು, ಆಮೇಲೆ ರೆಡಿ ಸಾಲಿಗೆ ಬಿಡು."

"ಮೂಲನ ಎಷ್ಟು ದಿನಕ್ಕೊಮ್ಮೆ ಹೊಸದು ಮಾಡ್ಬೇಕು?"

"ವಾರಕ್ಕೊಮ್ಮೆ. ಹಾಸನಾಂಬೆ ಬಾಗಿಲು ವರ್ಷಕ್ಕೊಮ್ಮೆ ತೆಗೆದ್ರೂ ದೀಪ ಉರೀತಿರುತ್ತೆ, ಹೂ ಬಾಡಿರಲ್ಲ ಅಂತಾರೆ. ಅದು ತಾಯಿ ಮಹಿಮೆ. ನಮ್ಮ ಇಮೇಜನ್ನ ವರ್ಷಕ್ಕೊಮ್ಮೆ ತೆಗೆದ್ರೆ ಒಳಗಿರೋದು ಅವಧಿ ಮುಗಿದ ವಿಂಡೋಸ್ ಸರ್ವರ್. ಪ್ರಯೋಗದ ಪ್ರತಿಗೆ 180 ದಿನ. ಆಮೇಲೆ ಗಂಟೆಗೊಮ್ಮೆ ತಾನೇ ಆಫ್ ಆಗುತ್ತೆ. ಹೊಸ ಮೂಲ ಬಂದ್ರೂ ಎಲ್ಲಾ ಮಷೀನಿಗೂ ಒಟ್ಟಿಗೆ ಹಾಕ್ಬೇಡ. ಎರಡಕ್ಕೆ ಹಾಕಿ ನೋಡು. ಕೆಟ್ಟ ಮೂಲ ಆದ್ರೆ ಪೂಲ್, ಅಂದ್ರೆ ಈ ರೆಡಿ ಮಷೀನುಗಳ ವ್ಯವಸ್ಥೆ, ಪೆದ್ದು ಥರ ಮಷೀನ್ ಮಾಡುತ್ತೆ, ಬಿಸಾಕುತ್ತೆ, ಮತ್ತೆ ಮಾಡುತ್ತೆ. ಸಾಲಾಗಿ 3 ಫೇಲ್ ಆದ್ರೆ ನಿಲ್ಲಿಸಿ ಕೂಗೋ ಹಾಗೆ ಕಟ್ಟು."

ಅಷ್ಟರಲ್ಲಿ ಮಜ್ಜಿಗೆ ಬಂತು, ಚೇರು ಕದಲಿದವು. ಎದುರುಸಾಲಿನಲ್ಲಿ ಯಾರೋ ಒಬ್ಬರು ನಾಲ್ಕು ಚೇರಿಗೆ ನಾಲ್ಕು ಕರ್ಚೀಫ್ ಹಾಸಿ ಫೋನಿನಲ್ಲಿ ಮಾತಾಡುತ್ತಾ ಆಚೆ ನಡೆದರು.

"ಹೀಗೆ ಹಿಡಿದಿಟ್ಕೊಳ್ಳೋರದೇ ಕಾಟ," ನಾಗೇಶ ಹಲ್ಲು ಕಡಿದ. "'ಡೀಬಗ್ ಮಾಡ್ತಿದೀನಿ' ಅಂತ ನಾಲ್ಕು ಮಷೀನ್ ತಗೊಂಡು ಊರಿಗೆ ಹೋಗ್ತಾರೆ. ಎರಡು ಗಂಟೆ ಆದ್ರೆ ತಾನೇ ಕಿತ್ಕೊಳ್ಬೇಕು. ಬೇಕಿದ್ರೆ ಕೇಳಿ ಮುಂದುವರಿಸ್ಕೊಳ್ಲಿ. ಡೀಬಗ್‌ಗೆ ಒಬ್ಬರಿಗೆ ಒಂದೇ."

ಮೂವರೂ ಖಾಲಿ ಚೇರುಗಳತ್ತ ನುಗ್ಗಿದರು. ಶಿವು ಕೂರುವ ಹೊತ್ತಿಗೆ ಅದೇ ಚೇರಿಗೆ ಪಕ್ಕದಿಂದ ಒಬ್ಬ ಹುಡುಗನೂ ಬಂದು ಕೂತ. ಅರ್ಧ ಚೇರು ಇವನದು, ಅರ್ಧ ಅವನದು, ಎಲೆ ಒಂದೇ.

"ಒಂದೇ ಮಷೀನ್ ಇಬ್ಬರಿಗೆ ಹೋಗೋದು ಹಿಂಗೇ ಕಣೋ!" ಮಮತಾ ಬಿದ್ದು ಬಿದ್ದು ನಕ್ಕಳು. "ಮೊದ್ಲು ಖಾಲಿ ಇದೆಯಾ ಅಂತ ನೋಡಿ, ಆಮೇಲೆ ಹೆಸರು ಬರ್ಕೊಂಡ್ರೆ ಆ ಸಂದಿಯಲ್ಲಿ ಇನ್ನೊಬ್ಬ ತೂರ್ತಾನೆ. ನೋಡೋದೂ ಹಿಡಿಯೋದೂ ಒಂದೇ ಏಟಿಗೆ ಆಗ್ಬೇಕು. ಪೋಸ್ಟ್‌ಗ್ರೆಸ್ ಡೇಟಾಬೇಸಲ್ಲಿ 9.5ನೇ ಆವೃತ್ತಿಯಿಂದ ಅದಕ್ಕೇ ಸ್ಕಿಪ್ ಲಾಕ್ಡ್ ಇರೋದು. ಇನ್ನೊಬ್ಬ ಹಿಡಿದಿದ್ರೆ ಜಗಳ ಇಲ್ಲ, ಕಾಯೋದಿಲ್ಲ, ಮುಂದಿನ ಸಾಲಿಗೆ ಹೋಗ್ಬೇಕು."

"ಮುಂದಿನದಕ್ಕೆ ಹೋಗೋದಾ?" ಶಿವು ಎದ್ದು ನೋಡಿದ. ಮುಂದಿನ ನಾಲ್ಕೂ ಚೇರಿನ ಮೇಲೆ ಕರ್ಚೀಫ್.